ಕಥೋಲಿಕ ಬುಕ್ ಕ್ಲಬ್‌ಗೆ ತಿಂಗಳ ಪುಸ್ತಕ: ಗುಂಪಲ್ಲಿ ಓದಿದ್ಮೇಲೆ ಕೊಟ್ಟ ಸ್ಟಾರ್‌ಗಳು

ನಮ್ಮ ಬುಕ್ ಕ್ಲಬ್‌ಗೆ ತಿಂಗಳ ಪುಸ್ತಕ ಆರಿಸೋ ಕೆಲಸ ನಂದು. ಹೊಸದಾಗಿ ಗುಂಪು ಶುರು ಮಾಡ್ತಿರೋರು, ಬೇರೆ ಚರ್ಚಿನೋರು, ಒಬ್ರಾದ್ಮೇಲೆ ಒಬ್ರು ಯಾವ ಪುಸ್ತಕ ಇಟ್ಕೊಳ್ಳೋದು ಹೇಳಿ ಅಂತ ಕೇಳ್ತಾನೇ ಇರ್ತಾರೆ, ಸುಮ್ನೆ ಹೆಸರುಗಳನ್ನ ಕಳ್ಸಿದ್ರೆ ಏನೂ ಉಪಯೋಗ ಇಲ್ಲ ಅನ್ಸಿ ವಿವರವಾಗೇ ಬರೀತಿದೀನಿ. ಇಲ್ಲಿ ಸ್ಟಾರ್ ಕೊಡುವಾಗ ನಾನು ನೋಡಿರೋದು ಒಂದೇ, ಹತ್ತು ಹನ್ನೆರಡು ಜನ ಆ ಪುಸ್ತಕ ಓದ್ಕೊಂಡು ಬಂದು ಸುತ್ತ ಕೂತಾಗ ಮಾತು ಎಷ್ಟು ಆಳಕ್ಕೆ ಹೋಯ್ತು ಅಂತ. ಹಾಗಾಗಿ ದೊಡ್ಡ ಸಂತರ ಪುಸ್ತಕಕ್ಕೆ ಮೂರು ಸ್ಟಾರ್ ಬಿದ್ದಿದ್ರೆ ಯಾರೂ ಬೇಜಾರು ಮಾಡ್ಕೋಬೇಡಿ.

ಮೊದ್ಲು ರೆಡಿಮೇಡ್ ಆಯ್ಕೆ ಬಗ್ಗೆ ಹೇಳ್ಬಿಡ್ತೀನಿ. ತಿಂಗಳಿಗೊಂದು ಕಥೋಲಿಕ ಪುಸ್ತಕ ಆರಿಸಿ, ಜೊತೆಗೆ ಚರ್ಚೆಗೆ ಅಂತ ಪ್ರಶ್ನೆಗಳ ಹಾಳೆ ಇಟ್ಟು ಕಳ್ಸೋ ಸಬ್‌ಸ್ಕ್ರಿಪ್ಷನ್‌ಗಳು ಇದಾವೆ, ಅಂಥದ್ದೊಂದನ್ನ ನಾವು ಸ್ವಲ್ಪ ಕಾಲ ತಗೊಂಡಿದ್ವಿ, ಹೆಸರು ಬೇಡ. ಪುಸ್ತಕಗಳು ಟೈಮಿಗೆ ಸರಿಯಾಗಿ ಬರ್ತಿದ್ವು, ಬೈಂಡಿಂಗ್ ಪೇಪರ್ ಎಲ್ಲಾ ಚೆನ್ನಾಗಿತ್ತು, ಅದರಲ್ಲಿ ಒಂದು ಮಾತಿಲ್ಲ. ಆದ್ರೆ ತಿಂಗಳು ತಿಂಗಳೂ ಅದೇ ಕಥೆ, ದಾರಿ ತಪ್ಪಿದ್ದ ಒಬ್ರು ಕಷ್ಟಕ್ಕೆ ಸಿಕ್ಕಿ, ಒಂದು ದಿನ ಚರ್ಚ್ ಒಳಗೆ ಕಾಲಿಟ್ಟು, ಬದುಕು ಬದಲಾಯ್ತು ಅನ್ನೋದು. ಆ ಬದಲಾವಣೆ ನಿಜ, ಅದರ ಮೇಲೆ ನನಗೆ ಗೌರವ ಇದೆ. ಆದ್ರೆ ಹಾಳೆಯಲ್ಲಿ "ಇದರಿಂದ ನೀವು ಏನು ಕಲಿತಿರಿ" ಅಂತ ಕೇಳಿದ್ರೆ ಎಲ್ಲರೂ ಒಂದೇ ಉತ್ತರ ಹೇಳ್ತಾರೆ, ಹತ್ತು ನಿಮಿಷದಲ್ಲಿ ಎಲ್ಲರದೂ ಒಪ್ಪಿಗೆ, ಆಮೇಲೆ ಮಾತು ಗಾಯನವೃಂದದ ಪ್ರಾಕ್ಟೀಸ್ ಕಡೆ ತಿರುಗುತ್ತೆ. ಒಬ್ರೇ ಓದೋರಿಗೆ ಆ ಸರ್ವೀಸ್ ನಾಲ್ಕು ಸ್ಟಾರ್, ಗುಂಪಿಗೆ ಎರಡು.

ಅದನ್ನ ಬಿಟ್ಟ ಮೇಲೆ ನಾನು ಪುಸ್ತಕ ಆರಿಸುವಾಗ ಒಂದು ಪ್ರಶ್ನೆ ಇಟ್ಕೊಂಡಿದೀನಿ, ಒಂದೇ ವಿಶ್ವಾಸ ಇರೋ ಇಬ್ಬರು, ಇಬ್ಬರೂ ಭಾನುವಾರ ಚರ್ಚಲ್ಲಿ ಬಲಿಪೂಜೆಗೆ (ಮಾಸ್‌ಗೆ) ಹೋಗೋರು, ಇಬ್ಬರೂ ಪಾಪನಿವೇದನೆ ಮಾಡೋರು, ಇದನ್ನ ಓದಿ ಪ್ರಾಮಾಣಿಕವಾಗಿ ಬೇರೆ ಬೇರೆ ಕಡೆ ನಿಲ್ಲೋಕೆ ಸಾಧ್ಯನಾ? ಸಾಧ್ಯ ಅಂತ ಅನ್ಸಿದ್ರೆ ಅದು ಗುಂಪಿನ ಪುಸ್ತಕ. ಇನ್ನೊಂದು, ಗುಂಪಲ್ಲಿ ಎಲ್ಲರಿಗಿಂತ ನಿಧಾನ ಓದೋರು ಯಾರೋ ಅವರು ಮುಗಿಸ್ಬೇಕು. ಓದು ಮುಗಿಸದೇ ಬಂದೋರು ಬಾಯಿ ಬಿಡಲ್ಲ, ಎರಡು ಸಲ ಹಾಗಾದ್ರೆ ಮೂರನೇ ತಿಂಗಳು ಬರೋದೇ ಇಲ್ಲ, ಮತ್ತೆ ಅವರನ್ನ ಕರ್ಕೊಂಡು ಬರೋದು ತುಂಬಾ ಕಷ್ಟ.

ಈ ಎರಡರಲ್ಲೂ ಗೆದ್ದಿದ್ದು ಶೂಸಾಕು ಎಂಡೋ ಬರೆದ "ಸೈಲೆನ್ಸ್". ಐದಕ್ಕೆ ಐದು. 1966ರಲ್ಲಿ ಜಪಾನೀ ಭಾಷೆಯಲ್ಲಿ ಬಂದಿದ್ದು, ವಿಲಿಯಂ ಜಾನ್‌ಸ್ಟನ್ ಅನ್ನೋ ಜೆಸ್ವಿಟ್ (ಯೇಸುಸಭೆ ಅನ್ನೋ ಸನ್ಯಾಸಿ ಸಂಘದ) ಗುರುಗಳು ಇಂಗ್ಲಿಷ್‌ಗೆ ತಂದ್ರು. ಹದಿನೇಳನೇ ಶತಮಾನದ ಜಪಾನಲ್ಲಿ ಕ್ರೈಸ್ತರನ್ನ ಹಿಂಸಿಸ್ತಿದ್ದ ಕಾಲ, ಫೆರೇರಾ ಅನ್ನೋ ಹಿರಿಯ ಗುರು ವಿಶ್ವಾಸ ಬಿಟ್ಟುಬಿಟ್ರಂತೆ ಅನ್ನೋ ಸುದ್ದಿ ಕೇಳಿ, ನಂಬೋಕಾಗದೆ, ಅವರನ್ನ ಹುಡುಕ್ಕೊಂಡು ರೊಡ್ರಿಗಸ್ ಅನ್ನೋ ಯುವಕ ಗುರು ಅಲ್ಲಿಗೆ ಹೋಗ್ತಾನೆ. ಫೆರೇರಾ ಚರಿತ್ರೆಯಲ್ಲಿ ನಿಜವಾಗ್ಲೂ ಇದ್ದ ಮನುಷ್ಯ, 1633ರಲ್ಲಿ ಗುಂಡಿ ಮೇಲೆ ತಲೆಕೆಳಗಾಗಿ ನೇತುಹಾಕೋ ಹಿಂಸೆಗೆ ಸೋತು ವಿಶ್ವಾಸ ನಿರಾಕರಿಸಿದ್ರು. (ಇನ್ನೂ ಓದಿಲ್ಲ ಅನ್ನೋರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.)

ಒಂದು ಜಾಗ ಹೇಳ್ತೀನಿ. ರೊಡ್ರಿಗಸ್ ಕತ್ತಲೆ ಕೋಣೆಯಲ್ಲಿ ಬಂದಿಯಾಗಿದಾನೆ, ಹೊರಗಡೆಯಿಂದ ಗೊರಕೆ ಸದ್ದು ಕೇಳ್ಸುತ್ತೆ, ಕಾವಲುಗಾರ ಕುಡಿದು ಮಲಗಿರ್ಬೇಕು, ನನ್ನ ಕಡೇ ರಾತ್ರಿ ಇಂಥಾ ಸದ್ದಿನ ಜೊತೆ ಕಳೀಬೇಕಾ ಅಂತ ಅವನಿಗೆ ಕೋಪ ಬರುತ್ತೆ. ಆಮೇಲೆ ಫೆರೇರಾ ಬಂದು ಹೇಳ್ತಾರೆ, ಅದು ಗೊರಕೆ ಅಲ್ಲ, ಗುಂಡಿ ಮೇಲೆ ನೇತಾಡ್ತಿರೋ ಕ್ರೈಸ್ತ ರೈತರ ನರಳಾಟ. ಅವರು ಆಗ್ಲೇ ವಿಶ್ವಾಸ ಬಿಟ್ಟಾಗಿದೆ, ಆದ್ರೂ ಇಳಿಸಲ್ಲ, ನೀನು ಯೇಸುಸ್ವಾಮಿ ಚಿತ್ರ ತುಳಿದು ವಿಶ್ವಾಸ ಬಿಡೋವರೆಗೂ ಇಳಿಸಲ್ಲ. ಆ ಪುಟ ಓದಿ ಬಂದ ದಿನ ಗುಂಪಲ್ಲಿ ಯಾರೂ ಮೊದ್ಲು ಮಾತು ಶುರು ಮಾಡ್ಲಿಲ್ಲ. ಆಮೇಲೆ ಶುರುವಾಗಿದ್ದು ನಿಲ್ಲಲೇ ಇಲ್ಲ. ಚಿತ್ರದ ಮುಂದೆ ನಿಂತಾಗ ತುಳಿ ಅಂತ ಅವನಿಗೆ ಕೇಳ್ಸಿದ ದನಿ ಪ್ರಭುವಿಂದೇನಾ, ಇಲ್ಲ ಅವನ ದಣಿದ ಮನಸ್ಸಿಂದಾ? ಒಬ್ಬ ಆಂಟಿ, ಜಪಸರ ಕೈಯಿಂದ ಬಿಡದೋರು, ಖಂಡಿತ ಪ್ರಭುವಿನ ದನಿ ಅಂದ್ರು. ವಯಸ್ಸಲ್ಲಿ ಚಿಕ್ಕವನು, ಧರ್ಮೋಪದೇಶ ಹೇಳ್ಕೊಡೋ ಹುಡುಗ, ಹಾಗಾದ್ರೆ ಪ್ರಾಣ ಕೊಟ್ಟ ರಕ್ತಸಾಕ್ಷಿಗಳಿಗೆ ಏನು ಹೇಳ್ತೀರಾ ಆಂಟಿ ಅಂತ ಕೇಳ್ದ, ಅವನ ಗಂಟಲು ಕಟ್ಟಿತ್ತು. ಕೊನೆಗೆ ಎಲ್ಲರೂ ಪಾಲಕ ಗುರುಗಳ ಕಡೆ ತಿರುಗಿದ್ರು. ಅವರು ಹೇಳಿದ್ದು ಇಷ್ಟೇ, "ಆ ದನಿ ಯಾರದು ಅಂತ ನಾನು ಹೇಳೋಕಾಗಲ್ಲಮ್ಮ. ಆದ್ರೆ ಆ ಕಿಚಿಜಿರೊ ನನ್ನ ಹತ್ರ ಬಂದ್ರೆ, ಎಷ್ಟು ಸಲ ಮೋಸ ಮಾಡಿ ಬಂದ್ರೂ, ನಿಜವಾಗಿ ಪಶ್ಚಾತ್ತಾಪ ಪಟ್ಟು ಕೇಳಿದ ಪ್ರತಿ ಸಲಾನೂ ನಾನು ಪಾಪಕ್ಷಮೆ ಕೊಡ್ಲೇಬೇಕು." ಕಿಚಿಜಿರೊ ಅಂದ್ರೆ ಮತ್ತೆ ಮತ್ತೆ ದ್ರೋಹ ಮಾಡಿ ಮತ್ತೆ ಮತ್ತೆ ಪಾಪನಿವೇದನೆಗೆ ಓಡಿಬರೋ ಪಾತ್ರ, ಓದುವಾಗ ಅವನ ಮೇಲೆ ಸಿಟ್ಟು ಬರುತ್ತೆ, ಓದಿ ಮುಗಿಸಿದ ಮೇಲೆ ಅವನೇ ನೆನಪಲ್ಲಿ ಉಳೀತಾನೆ.

ಇದನ್ನ ಇಟ್ಕೊಳ್ಳೋ ಗುಂಪಿಗೆ ಒಂದು ಮುಖ್ಯ ಸೂಚನೆ: ಕೊನೇಲಿ ಇರೋ ಅನುಬಂಧ ಬಿಡ್ಬೇಡಿ. ಕ್ರೈಸ್ತರನ್ನ ಇಟ್ಟಿದ್ದ ಮನೆಯ ಅಧಿಕಾರಿಯೊಬ್ಬನ ದಿನಚರಿ ಅದು, ಒಣ ಸರ್ಕಾರಿ ಭಾಷೆ, ಬಹಳ ಜನ ಕಥೆ ಮುಗೀತು ಅಂತ ಅಲ್ಲಿಗೆ ಪುಸ್ತಕ ಮುಚ್ಚಿಬಿಡ್ತಾರೆ. ಆದ್ರೆ ವಿಶ್ವಾಸ ಬಿಟ್ಟ ಗುರುವಿನ ಕೈಲಿ ಮತ್ತೆ ನಿರಾಕರಣೆ ಬರೆಸ್ತಾರೆ ಅನ್ನೋದು, ಕಿಚಿಜಿರೊ ಕೊರಳಲ್ಲಿ ಕ್ರೈಸ್ತ ಚಿತ್ರ ಇಟ್ಟ ತಾಯಿತ ಸಿಗುತ್ತೆ ಅನ್ನೋದು ಇರೋದು ಅಲ್ಲೇ. ಒಂದ್ಸಲ ಬಿಟ್ಟಿದ್ರೆ ಮತ್ತೆ ಯಾಕೆ ಬರೆಸ್ಬೇಕು? ನಮ್ಮ ಗುಂಪಲ್ಲಿ ಅರ್ಧ ಗಂಟೆ ಇದರ ಮೇಲೇ ಹೋಯ್ತು. 2016ರಲ್ಲಿ ಬಂದ ಸಿನಿಮಾ ನೋಡಿ ಬರ್ತೀನಿ ಅನ್ನೋರಿಗೆ ಪ್ರೀತಿಯಿಂದಲೇ ಬೇಡ ಅನ್ನಿ, ಸಿನಿಮಾ ಕೊನೇಲಿ ತಾನೇ ಒಂದು ಉತ್ತರ ತೋರ್ಸಿಬಿಡುತ್ತೆ, ಪುಸ್ತಕ ಅದನ್ನ ನಮಗೆ ಬಿಟ್ಟಿದೆ.

ಗ್ರಹಾಂ ಗ್ರೀನ್ "ದ ಪವರ್ ಅಂಡ್ ದ ಗ್ಲೋರಿ", 1940. ನಾಲ್ಕೂವರೆ. ಮೆಕ್ಸಿಕೋದಲ್ಲಿ ಧರ್ಮಸಭೆ (ಕಥೋಲಿಕ ಚರ್ಚ್) ಮೇಲೆ ನಿಷೇಧ ಇದ್ದ ಕಾಲ, ಕುಡುಕ ಪಾದ್ರಿ, ಅವನಿಗೊಂದು ಮಗಳೂ ಇದಾಳೆ, ಪೊಲೀಸರು ಬೆನ್ನು ಹತ್ತಿದಾರೆ, ಆದ್ರೂ ಯಾರಾದ್ರೂ ಸಾಯ್ತಿದಾರೆ ಅಂತ ಕರೆದ್ರೆ ಹೋಗದೇ ಇರೋಕಾಗಲ್ಲ ಅವನಿಗೆ. ಈ ಪುಸ್ತಕ ಹೆಸರು ಹೇಳಿದಾಗ ಒಬ್ರು ಮೆಲ್ಲಗೆ ಕೇಳಿದ್ರು, ಇದಕ್ಕೆ ಇಂಪ್ರಿಮಾತುರ್ ಇದೆಯಾ ಅಂತ. ಈ ಪ್ರಶ್ನೆ ಪ್ರತಿ ಕಥೋಲಿಕ ಗುಂಪಲ್ಲೂ ಬಂದೇ ಬರುತ್ತೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳ್ತೀನಿ. ನಿಹಿಲ್ ಒಬ್‌ಸ್ತಾತ್ ಅಂದ್ರೆ ಧರ್ಮಾಧ್ಯಕ್ಷರು (ಬಿಷಪ್) ನೇಮಿಸಿದ ಪರಿಶೀಲಕರು ಓದಿ ವಿಶ್ವಾಸಕ್ಕೆ, ನೀತಿಗೆ ವಿರುದ್ಧವಾದದ್ದು ಇಲ್ಲ ಅಂದಿದ್ದು, ಇಂಪ್ರಿಮಾತುರ್ ಅಂದ್ರೆ ಆಮೇಲೆ ಧರ್ಮಾಧ್ಯಕ್ಷರು ಅಚ್ಚು ಹಾಕೋಕೆ ಕೊಡೋ ಅಪ್ಪಣೆ. ಅದು ಧರ್ಮೋಪದೇಶ, ದೈವಶಾಸ್ತ್ರ, ಪ್ರಾರ್ಥನೆ ಪುಸ್ತಕಗಳಿಗೆ ಸಂಬಂಧಿಸಿದ್ದು, ಕಾದಂಬರಿಗೆ ಅದು ಬೇಕಾಗೇ ಇಲ್ಲ. ಮತ್ತೆ ಆ ಮುದ್ರೆ ಇದ್ದ ಮಾತ್ರಕ್ಕೆ ಪುಸ್ತಕ ಚೆನ್ನಾಗಿದೆ ಅಂತಾಗಲೀ, ಒಳಗಿರೋ ಪ್ರತಿ ಮಾತನ್ನೂ ಧರ್ಮಾಧ್ಯಕ್ಷರು ಒಪ್ಪಿದಾರೆ ಅಂತಾಗಲೀ ಅರ್ಥ ಇಲ್ಲ. ದೈವಶಾಸ್ತ್ರದ ಪುಸ್ತಕ ಇಟ್ಕೊಂಡಾಗ ನಾನು ಖಂಡಿತ ಅದನ್ನ ನೋಡ್ತೀನಿ, ಕಥೆ ಪುಸ್ತಕಕ್ಕೆ ನೋಡಲ್ಲ.

ಗ್ರೀನ್ ವಿಷಯದಲ್ಲಿ ಇನ್ನೂ ಒಂದಿದೆ. 1953ರಲ್ಲಿ ವಿಶ್ವಾಸದ ಬೋಧನೆ ಕಾಯೋ ವ್ಯಾಟಿಕನ್ನಿನ ಹೋಲಿ ಆಫೀಸೇ ಈ ಕಾದಂಬರಿ ಮೇಲೆ ಆಕ್ಷೇಪ ತೆಗೆದಿತ್ತು. ಆಮೇಲೆ 1965ರಲ್ಲಿ ಗ್ರೀನ್ ಆರನೇ ಪೌಲ್ ಜಗದ್ಗುರುಗಳನ್ನ (ಪೋಪ್) ಭೇಟಿಯಾದಾಗ, ತಾವೂ ಅದನ್ನ ಓದಿದೀವಿ, ನಿಮ್ಮ ಪುಸ್ತಕಗಳಲ್ಲಿ ಕೆಲವು ಭಾಗ ಕೆಲವು ಕಥೋಲಿಕರಿಗೆ ನೋವು ಮಾಡೇ ಮಾಡುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ ಅಂತ ಜಗದ್ಗುರುಗಳು ಹೇಳಿದ್ರಂತೆ, ಗ್ರೀನ್ ಅವರೇ ಹೇಳ್ಕೊಂಡಿರೋದು. ಮರು ವರ್ಷ, 1966ರಲ್ಲಿ, ಧರ್ಮಸಭೆಯ ನಿಷೇಧಿತ ಪುಸ್ತಕಗಳ ಪಟ್ಟಿ ಅನ್ನೋದೇ ಜಾರಿಯಿಂದ ಹೋಯ್ತು. ಇದನ್ನೆಲ್ಲ ಗುಂಪಲ್ಲಿ ಹೇಳಿದ ಮೇಲೆ ಇಂಪ್ರಿಮಾತುರ್ ಕೇಳಿದೋರೇ ಎಲ್ಲರಿಗಿಂತ ಗಮನ ಕೊಟ್ಟು ಓದ್ಕೊಂಡು ಬಂದ್ರು. ಪಾತ್ರಗಳ ಹೆಸರು ಮೊದಲಲ್ಲಿ ಗೊಂದಲ ಆಗುತ್ತೆ, ಪಾದ್ರಿಗೆ ಹೆಸರೇ ಇಲ್ಲ, ಮೊದಲ ಭಾಗ ದಾಟೋವರೆಗೂ ತಾಳ್ಮೆ ಬೇಕು, ಅದಕ್ಕೇ ಅರ್ಧ ಸ್ಟಾರ್ ಕಮ್ಮಿ.

ಇನ್ನು ಸಂತರ ಪುಸ್ತಕಗಳು. ಇಲ್ಲಿ ಪುಸ್ತಕಕ್ಕಿಂತ ಯಾವ ಭಾಗ, ಯಾವ ಅನುವಾದ ಅನ್ನೋದೇ ದೊಡ್ಡ ಪ್ರಶ್ನೆ. ಸಂತ ಅಗಸ್ಟೀನರ "ಕನ್ಫೆಷನ್ಸ್" ಎಲ್ಲರ ಪಟ್ಟಿಯಲ್ಲೂ ಇರುತ್ತೆ, ಮುಗಿಸಿದ ಗುಂಪು ಕಮ್ಮಿ, ಯಾಕಂದ್ರೆ ಹದಿಮೂರು ಅಧ್ಯಾಯನೂ ಒಂದೇ ತಿಂಗಳಲ್ಲಿ ಓದೋಕೆ ಹೋಗ್ತಾರೆ. ಮೊದಲ ಒಂಬತ್ತು ಅವರ ಬದುಕಿನ ಕಥೆ, ಅಮ್ಮ ಮೋನಿಕಾ ತೀರ್ಕೊಳ್ಳೋವರೆಗೆ. ಹತ್ತನೇದು ನೆನಪಿನ ಬಗ್ಗೆ, ಹನ್ನೊಂದು ಕಾಲದ ಬಗ್ಗೆ, ಕಡೇ ಎರಡು ಆದಿಕಾಂಡದ ಸೃಷ್ಟಿ ಬಗ್ಗೆ. ಒಂದು ತಿಂಗಳಿಗೆ ಮೊದಲ ಒಂಬತ್ತು ಮಾತ್ರ ಇಡಿ, ಸಾಕು. ಹತ್ತನೇದು ಇನ್ನೊಂದು ತಿಂಗಳು ಬೇಕಾದ್ರೆ ಇಟ್ಕೊಳ್ಳಿ. ಫ್ರೀಯಾಗಿ ಸಿಗೋ ಹಳೇ ಇಂಗ್ಲಿಷ್ ಅನುವಾದಗಳು, ಪ್ಯೂಸಿ ಅವರ 1838ರದ್ದು ಥರದ್ದು, ಎಲ್ಲಾ ದೌ ದೀ ದೈ ಅಂತ ಹಳೇ ಕಾಲದ ಇಂಗ್ಲಿಷ್ ಇರುತ್ತೆ, ಚರ್ಚಲ್ಲಿ ಹಳೇ ಪ್ರಾರ್ಥನೆ ಹೇಳಿ ರೂಢಿ ಇರೋರಿಗೂ ಅದು ಐದು ಪುಟಕ್ಕೆ ಸುಸ್ತು. ಮರಿಯಾ ಬೌಲ್ಡಿಂಗ್ ಅನುವಾದ, 1997ರದ್ದು, ಓದೋಕೆ ಸಲೀಸು, ಪ್ರಾರ್ಥನೆ ಥರನೇ ಹರಿಯುತ್ತೆ, ನನ್ನ ವೋಟು ಅದಕ್ಕೆ. ಹೆನ್ರಿ ಚಾಡ್ವಿಕ್ ಅವರದು ಅಡಿಟಿಪ್ಪಣಿ ಬೇಕು ಅನ್ನೋರಿಗೆ ಒಳ್ಳೇದು. ಒಬ್ಬೊಬ್ರ ಕೈಲಿ ಒಂದೊಂದು ಆವೃತ್ತಿ ಇದ್ರೆ ಪುಟ ಸಂಖ್ಯೆ ಹೇಳಿ ಪ್ರಯೋಜನ ಇಲ್ಲ, ಅಧ್ಯಾಯ ಮತ್ತೆ ಅದರೊಳಗಿನ ವಿಭಾಗದ ನಂಬರ್ ಹೇಳಿ, ಅದು ಎಲ್ಲದರಲ್ಲೂ ಒಂದೇ.

ಎಂಟನೇ ಅಧ್ಯಾಯ ಗುಂಪಲ್ಲಿ ಜೋರಾಗಿ ಓದ್ಲೇಬೇಕು. ತೋಟದಲ್ಲಿ ಮಗುವಿನ ದನಿ, ತಗೋ ಓದು ಅನ್ನೋದು, ಎಲ್ಲರಿಗೂ ಗೊತ್ತು. ಆದ್ರೆ ಅದರ ಹಿಂದೆ ಮುಂದೆ ಇರೋದು ಬಹಳ ಜನಕ್ಕೆ ಗೊತ್ತಿರಲ್ಲ. ಅದಕ್ಕೆ ಮುಂಚೆ ಪೊಂತಿಚಿಯಾನುಸ್ ಅನ್ನೋರು ಬಂದು ಒಂದು ಕಥೆ ಹೇಳ್ತಾರೆ, ಅವರ ಜೊತೆ ಕೆಲಸ ಮಾಡ್ತಿದ್ದ ಇಬ್ಬರು ಒಂದು ಗುಡಿಸಲಲ್ಲಿ ಸಿಕ್ಕ ಸಂತ ಅಂತೋನಿಯ ಜೀವನ ಚರಿತ್ರೆ ಓದ್ತಾ ಓದ್ತಾನೇ ಕೆಲಸ ಬಿಟ್ಟು ಸನ್ಯಾಸಕ್ಕೆ ಹೊರಟಿದ್ದು. ಅದನ್ನ ಕೇಳಿ ಅಗಸ್ಟೀನ್ ಒಳಗೆ ಕುದಿಯೋಕೆ ಶುರು. ಆಮೇಲೆ ತೋಟದಲ್ಲಿ ರೋಮನರಿಗೆ ಬರೆದ ಪತ್ರ ತೆಗೆದು ಒಂದು ವಾಕ್ಯ ಓದಿ, ಬೆರಳೋ ಏನೋ ಗುರುತು ಇಟ್ಟು ಮುಚ್ಚಿ ಗೆಳೆಯ ಅಲಿಪಿಯುಸ್‌ಗೆ ಹೇಳ್ತಾರೆ. ಅವನು ತೋರ್ಸು ಅಂತ ಇಸ್ಕೊಂಡು, ಅಗಸ್ಟೀನ್ ನಿಲ್ಲಿಸಿದ್ದ ಜಾಗದಿಂದ ಮುಂದಿನ ಸಾಲು ಓದ್ತಾನೆ, ವಿಶ್ವಾಸದಲ್ಲಿ ಬಲಹೀನನಾದವನನ್ನು ಸೇರಿಸಿಕೊಳ್ಳಿ ಅನ್ನೋದು, ಇದು ನನಗೆ ಅಂತ ತಗೋತಾನೆ. ಒಂದೇ ಪುಸ್ತಕ, ಒಬ್ಬನಿಗೆ ಒಂದು ಸಾಲು, ಪಕ್ಕದಲ್ಲಿ ಕೂತೋನಿಗೆ ಅದರ ಮುಂದಿನ ಸಾಲು! ಒಟ್ಟಿಗೆ ಓದೋದಕ್ಕೆ ನನಗೆ ಇದಕ್ಕಿಂತ ಒಳ್ಳೆ ಕಾರಣ ಬೇಕಾಗಿಲ್ಲ. ಮೊದಲ ಒಂಬತ್ತು ಅಧ್ಯಾಯಕ್ಕೆ ಐದು ಸ್ಟಾರ್, ಪೂರ್ತಿ ಪುಸ್ತಕ ಒಂದೇ ತಿಂಗಳಿಗೆ ಅಂದ್ರೆ ಎರಡು.

ಫ್ರಾನ್ಸಿನ ಕಾರ್ಮೆಲ್ ಮಠದ ಸಿಸ್ಟರ್ ಆಗಿದ್ದ ಲಿಸ್ಯೂವಿನ ಸಂತ ತೆರೇಸಾ, "ಸ್ಟೋರಿ ಆಫ್ ಎ ಸೋಲ್". ಇದರ ಬಗ್ಗೆ ನನಗೆ ಬಲವಾದ ಅಭಿಪ್ರಾಯ ಇದೆ: ಕೊನೆಯಿಂದ ಶುರು ಮಾಡಿ. ಪುಸ್ತಕ ಮೂರು ಹಸ್ತಪ್ರತಿ ಸೇರಿ ಆಗಿದ್ದು. ಮೊದಲನೇದು ಬಾಲ್ಯದ ನೆನಪು, ಅಕ್ಕ ಪೌಲೀನ್‌ಗೆ ಬರೆದಿದ್ದು, ಪುಟ್ಟ ಹೂವು, ಪುಟ್ಟ ರಾಣಿ, ಅಪ್ಪನ ಮುದ್ದು, ಹೀಗೆ ಸಿಹಿ ಜಾಸ್ತಿ, ಗುಂಪಲ್ಲಿ ಗಂಡಸರು ಮತ್ತೆ ಹುಡುಗರು ಅಲ್ಲೇ ಪುಸ್ತಕ ಕೆಳಗಿಡ್ತಾರೆ. ಎರಡನೇದು ಚಿಕ್ಕದು, ಇನ್ನೊಬ್ಬ ಅಕ್ಕ ಮರಿಯಾಗೆ. ಮೂರನೇದು 1897ರ ಜೂನಲ್ಲಿ, ಕ್ಷಯ ರೋಗ ದೇಹ ತಿಂತಿದ್ದಾಗ ಮಠದ ಮದರ್‌ಗೆ ಬರೆದಿದ್ದು, ಅದೇ ಸೆಪ್ಟೆಂಬರಲ್ಲಿ ತೀರ್ಕೊಂಡ್ರು, 24 ವಯಸ್ಸು. ಈ ಮೂರನೇದ್ರಲ್ಲಿ ಸಿಹಿ ಎಲ್ಲಾ ಹೋಗಿದೆ. ಸ್ವರ್ಗ ಇದೆ ಅನ್ನೋ ಯೋಚನೆಯೇ ಹಿಂಸೆ ಆಗಿದೆ, ಎದುರಿಗೆ ಆಕಾಶದವರೆಗೂ ಎದ್ದ ಗೋಡೆ ಅಂತ ಬರೀತಾರೆ. ಅದೇ ಪುಟಗಳಲ್ಲೇ ಇನ್ನೊಂದು ಜಾಗ, ಧ್ಯಾನದ ಹೊತ್ತಲ್ಲಿ ಹಿಂದೆ ಕೂತ ಒಬ್ಬ ಸಿಸ್ಟರ್ ಸಣ್ಣಗೆ ಏನೋ ಸದ್ದು ಮಾಡ್ತಾ ಇರ್ತಾರೆ, ತಿರುಗಿ ನೋಡಿ ದುರುಗುಟ್ಟೋಣ ಅನ್ಸುತ್ತೆ, ಬೆವರು ಕಿತ್ತು ಬರುತ್ತೆ, ಆದ್ರೆ ತಿರುಗದೇ ಆ ಸದ್ದನ್ನೇ ಸಂಗೀತ ಕಚೇರಿ ಥರ ಗಮನ ಇಟ್ಟು ಕೇಳಿ ಅದನ್ನೇ ಪ್ರಭುವಿಗೆ ಅರ್ಪಿಸ್ತಾರೆ. ಮನೇಲಿ ಅತ್ತೆ ನೋಡ್ಕೊಳ್ತಿರೋ ಒಬ್ಬ ಅಕ್ಕ ಇದನ್ನ ಓದಿ, ನನಗೆ ಈ ಸಂತರ ಪರಿಚಯ ಇವತ್ತು ಆಯ್ತು ಅಂದ್ರು, ಅವರ ಮನೆ ಗೋಡೆ ಮೇಲೆ ಚಿಕ್ಕ ವಯಸ್ಸಿಂದ್ಲೂ ಗುಲಾಬಿ ಹಿಡ್ಕೊಂಡ ಇದೇ ತೆರೇಸಾ ಫೋಟೋ ಇದೆ.

ಇನ್ನೊಂದು ಗಮನಿಸಿ. 1898ರಲ್ಲಿ ಮೊದ್ಲು ಅಚ್ಚಾಗಿದ್ದು ಪೌಲೀನ್ ಬಹಳ ತಿದ್ದಿದ ಪಾಠ, ತೆರೇಸಾ ಬರೆದ ಹಾಗೇ ಇರೋದು ಹೊರಗೆ ಬಂದಿದ್ದು 1956ರಲ್ಲಿ. ಫ್ರೀ ಸಿಗೋ ಹಳೇ ಆವೃತ್ತಿಗಳು ತಿದ್ದಿದ ಪಾಠದ್ದೇ ಅನುವಾದ. ಆದ್ರಿಂದ ಮೂಲ ಹಸ್ತಪ್ರತಿಯಿಂದ ಮಾಡಿದ್ದು ಅಂತ ಮುನ್ನುಡಿಯಲ್ಲಿ ಇದೆಯಾ ನೋಡ್ಕೊಂಡು ತಗೊಳ್ಳಿ, ಇದಕ್ಕೆ ಮಾತ್ರ ದುಡ್ಡು ಖರ್ಚು ಮಾಡೋದು ಸರಿ. ಕೊನೆಯಿಂದ ಓದಿದ್ರೆ ಐದು ಸ್ಟಾರ್, ಮೊದಲಿಂದ ಓದಿದ್ರೆ ಮೂರೂವರೆ.

ಆವಿಲಾದ ತೆರೇಸಾ (ಇವರು ಬೇರೆ ಸಂತರು) ಅವರ "ಇಂಟೀರಿಯರ್ ಕ್ಯಾಸಲ್", 1577. ಆತ್ಮ ಅನ್ನೋ ಕೋಟೆ, ಏಳು ನಿವಾಸಗಳು. ಮೂರು ಸ್ಟಾರ್, ಅದೂ ಜೊತೇಲಿ ಪ್ರಾರ್ಥನೆ ಬಗ್ಗೆ ಗೊತ್ತಿರೋ ಗುರುಗಳೋ ಸಿಸ್ಟರೋ ಇದ್ರೆ. ನಾಲ್ಕನೇ ನಿವಾಸದವರೆಗೂ ಎಲ್ಲರೂ ಬರ್ತಾರೆ, ಎರಡು ತೊಟ್ಟಿಗಳ ಹೋಲಿಕೆ ಅಲ್ಲಿದೆ, ಒಂದಕ್ಕೆ ನೀರು ದೂರದಿಂದ ಕಾಲುವೆಯಲ್ಲಿ ತರಬೇಕು, ಇನ್ನೊಂದು ಬುಗ್ಗೆ ಮೇಲೇ ಕೂತಿದೆ, ಇದು ಎಲ್ಲರಿಗೂ ತಟ್ಟುತ್ತೆ. ಅದರಿಂದಾಚೆ ಅನುಭವ ಇಲ್ಲದೋರು ಮಾತಾಡೋಕೆ ಏನೂ ಉಳಿಯಲ್ಲ, ಊಹೆ ಶುರುವಾಗುತ್ತೆ, ಅದು ಒಳ್ಳೇದಲ್ಲ. "ಇಮಿಟೇಷನ್ ಆಫ್ ಕ್ರೈಸ್ಟ್" ನಾನು ದಿನಾ ಓದೋ ಪುಸ್ತಕ, ಗುಂಪಿಗೆ ಇಡಲ್ಲ, ಅದು ಒಬ್ಬೊಬ್ಬರಿಗೆ ಒಂಟಿಯಾಗಿ ಹೇಳೋ ಮಾತು. ಸಂತ ಫ್ರಾನ್ಸಿಸ್ ದ ಸಾಲ್ಸ್ ಅವರ "ಇಂಟ್ರೊಡಕ್ಷನ್ ಟು ದ ಡಿವೌಟ್ ಲೈಫ್", 1609, ಸಂಸಾರದಲ್ಲಿರೋರಿಗೇ ಬರೆದಿದ್ದು, ಅಧ್ಯಾಯಗಳು ಚಿಕ್ಕ ಚಿಕ್ಕದು, ಮೂರನೇ ಭಾಗ ಮಾತ್ರ ಇಡಿ, ಕೋಪ, ಗೆಳೆತನ, ಬಟ್ಟೆ, ಮಾತು ಎಲ್ಲಾ ಅದರಲ್ಲಿ ಬರುತ್ತೆ. ನಾಲ್ಕು.

ತಿಂಗಳು ಯಾವುದು ಅನ್ನೋದೂ ಅಷ್ಟೇ ಮುಖ್ಯ, ಇದನ್ನ ಹೊಸಬರು ಯೋಚ್ನೆ ಮಾಡಲ್ಲ. ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಭಾರವಾದ ದಪ್ಪ ಪುಸ್ತಕ ಇಡೋಣ, ಎಲ್ಲರಿಗೂ ಭಕ್ತಿ ಇರುತ್ತೆ ಅಂತ ಅನ್ಸೋದು ಸಹಜ, ಆದ್ರೆ ಶಿಲುಬೆ ಹಾದಿ, ಧ್ಯಾನಕೂಟ, ಪವಿತ್ರ ವಾರ ಅಂತ ಆ ನಲವತ್ತು ದಿನ ಜನಕ್ಕೆ ಸಂಜೆ ಬಿಡುವೇ ಇರಲ್ಲ. ಆಗ ತೆಳು ಪುಸ್ತಕ, ಆಳದ್ದು. ವಾಲ್ಟರ್ ಚಿಶೆಕ್ ಅನ್ನೋ ಅಮೆರಿಕನ್ ಜೆಸ್ವಿಟ್ ಗುರುಗಳ "ಹಿ ಲೀಡೆತ್ ಮಿ" ತಪಸ್ಸುಕಾಲಕ್ಕೆ ಅಂತಲೇ ಬರೆದ ಹಾಗಿದೆ. 1941ರಲ್ಲಿ ಸೋವಿಯತ್ ಪೊಲೀಸರು ಹಿಡಿದು ಮಾಸ್ಕೋದ ಲುಬ್ಯಾಂಕಾ ಜೈಲು, ಆಮೇಲೆ ಸೈಬೀರಿಯಾ, ಬಿಟ್ಟು ಕಳ್ಸಿದ್ದು 1963ರಲ್ಲಿ. ಅಧ್ಯಾಯಗಳು ಒಂದೊಂದೂ ಒಂದು ಸಂಜೆಗೆ ಮುಗಿಯೋ ಅಷ್ಟು. ವಿಚಾರಣೆಗೆ ಸೋತು ಸುಳ್ಳು ಹೇಳಿಕೆಗೆ ತಾನು ಸಹಿ ಹಾಕಿಬಿಟ್ಟಿದ್ದನ್ನ ಅವರು ಮುಚ್ಚಿಡಲ್ಲ, ಆ ಕುಸಿತದಿಂದಲೇ ಪ್ರಾರ್ಥನೆ ಹೇಗೆ ಬದಲಾಯ್ತು ಅಂತ ಹೇಳ್ತಾರೆ. ದೇವರ ಚಿತ್ತ ಎಲ್ಲೋ ದೂರದಲ್ಲಿ ಹುಡುಕೋ ವಿಷಯ ಅಲ್ಲ, ಇವತ್ತಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಎದುರಿಗೆ ಬಂದ ಜನ, ಬಂದ ಕೆಲಸನೇ ಅದು ಅನ್ನೋದು ಅವರ ಮಾತಿನ ಸಾರ. ಇದಕ್ಕೆ ಗುಂಪಲ್ಲಿ ವಿರೋಧ ಬಂತು, ಅನ್ಯಾಯನೂ ದೇವರ ಚಿತ್ತನಾ, ಸುಮ್ನೆ ಒಪ್ಕೋಬೇಕಾ ಅಂತ. ಬರ್ಲಿ ಅಂತಲೇ ಇಟ್ಟಿದ್ದು. ನಾಲ್ಕೂವರೆ.

ನವೆಂಬರ್ ಮೃತರ ತಿಂಗಳು, ಸಂತ ನ್ಯೂಮನ್ ಅವರ "ದ ಡ್ರೀಮ್ ಆಫ್ ಜೆರೋಂಶಿಯಸ್", 1865ರ ಕವನ, ಸಾಯ್ತಿರೋ ಮನುಷ್ಯ, ಅವನ ಆತ್ಮ, ದೇವದೂತ, ಎಲ್ಲಾ ಪಾತ್ರ ಹಂಚ್ಕೊಂಡು ಒಂದೇ ಕೂಟದಲ್ಲಿ ಜೋರಾಗಿ ಓದ್ಬೋದು, ಮನೇಲಿ ಮುಂಚೆ ಓದ್ಕೊಂಡು ಬರೋ ಅಗತ್ಯಾನೂ ಇಲ್ಲ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲಕ್ಕೆ ಬ್ರದರ್ ಲಾರೆನ್ಸ್ ಅವರ "ಪ್ರಾಕ್ಟೀಸ್ ಆಫ್ ದ ಪ್ರೆಸೆನ್ಸ್ ಆಫ್ ಗಾಡ್", ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಅಡುಗೆಮನೆ ಕೆಲಸ ಮಾಡ್ತಿದ್ದ ಬ್ರದರ್, 1691ರಲ್ಲಿ ತೀರ್ಕೊಂಡ್ರು, ಕೆಲವು ಸಂಭಾಷಣೆ, ಕೆಲವು ಪತ್ರ ಅಷ್ಟೇ. ದಪ್ಪ ಪುಸ್ತಕಗಳೆಲ್ಲ ಪಾಸ್ಖ (ಈಸ್ಟರ್) ಹಬ್ಬ ಆದ್ಮೇಲೆ.

ತುಂಬಾ ಬಿಡುವಿಲ್ಲದ ತಿಂಗಳಿಗೆ ಫ್ಲಾನರಿ ಓ'ಕಾನರ್ ಸಣ್ಣಕಥೆ ಒಂದೇ ಒಂದು, "ರೆವೆಲೇಷನ್". ಡಾಕ್ಟರ್ ಕ್ಲಿನಿಕ್ಕಿನ ವೇಟಿಂಗ್ ರೂಮಲ್ಲಿ ಕೂತ ಮಿಸೆಸ್ ಟರ್ಪಿನ್, ಒಳ್ಳೆ ಹೆಂಗಸು, ಚರ್ಚಿಗೆ ಹೋಗೋಳು, ಸುತ್ತ ಕೂತೋರನ್ನೆಲ್ಲ ಮನಸಲ್ಲೇ ಮೇಲು ಕೆಳಗು ಅಂತ ಜೋಡಿಸ್ತಾ, ನನ್ನನ್ನ ಅವರ ಥರ ಮಾಡ್ಲಿಲ್ವಲ್ಲ ದೇವರೇ ಅಂತ ಕೃತಜ್ಞತೆ ಹೇಳ್ತಿರ್ತಾಳೆ, ಅಷ್ಟರಲ್ಲಿ ಎದುರಿಗೆ ಕೂತ ಹುಡುಗಿ ಕೈಲಿದ್ದ ಪುಸ್ತಕ ಎತ್ತಿ ಅವಳ ಮುಖಕ್ಕೆ ಎಸೀತಾಳೆ. ಕೊನೇಲಿ ಸ್ವರ್ಗಕ್ಕೆ ಹೋಗೋ ಮೆರವಣಿಗೆ ಕಾಣ್ಸುತ್ತೆ, ಅವಳು ಕೀಳು ಅಂದ್ಕೊಂಡೋರೆಲ್ಲ ಮುಂದೆ, ಅವಳಂಥೋರು ಎಲ್ಲರಿಗಿಂತ ಹಿಂದೆ. ಶುಭಸಂದೇಶದಲ್ಲಿ ನಾನು ಬೇರೆಯವರ ಥರ ಅಲ್ಲ ಅಂತ ದೇವರಿಗೆ ಕೃತಜ್ಞತೆ ಹೇಳೋ ಫರಿಸಾಯ ಮತ್ತು ಸುಂಕದವನ ಭಾಗದ ಜೊತೆ ಇಟ್ಟು ಓದಿ. ಅಮೆರಿಕದ ದಕ್ಷಿಣದ ಆ ಕಾಲದ ಜನಾಂಗ ದ್ವೇಷದ ಮಾತುಗಳು ಹಾಗೇ ಇದಾವೆ, ಮುಂಚೆಯೇ ಗುಂಪಿಗೆ ತಿಳಿಸ್ಬೇಕು. ಐದು ಸ್ಟಾರ್.

ಜಗದ್ಗುರುಗಳ ಪತ್ರಗಳನ್ನ ಬುಕ್ ಕ್ಲಬ್ ಪುಸ್ತಕ ಅಂತ ಯಾರೂ ಲೆಕ್ಕಕ್ಕೆ ತಗೊಳಲ್ಲ, ತಗೋಬೇಕು. ಪರಿಸರದ ಬಗ್ಗೆ ಇರೋ "ಲೌದಾತೋ ಸಿ", 2015, ಆರು ಅಧ್ಯಾಯ, 246 ಪ್ಯಾರಾ, ವ್ಯಾಟಿಕನ್ ವೆಬ್‌ಸೈಟಲ್ಲಿ ಫ್ರೀ, ಪ್ಯಾರಾಗೆ ನಂಬರ್ ಇರೋದ್ರಿಂದ ಎಲ್ಲರೂ ಒಂದೇ ಜಾಗಕ್ಕೆ ತಟ್ಟಂತ ಬರ್ತಾರೆ. ಪೂರ್ತಿ ಬೇಡ, ಎರಡು ಅಧ್ಯಾಯ. ಹಾಗೇ ಫ್ರಾನ್ಸಿಸ್ ಜಗದ್ಗುರುಗಳು 2024ರ ಜುಲೈ 17ರಂದು ಸಾಹಿತ್ಯ ಓದೋದ್ರ ಬಗ್ಗೇನೇ ಒಂದು ಪತ್ರ ಬರೆದಿದಾರೆ, ಗುಂಪು ಶುರು ಮಾಡೋರು ಮೊದಲ ತಿಂಗಳು ಇದನ್ನೇ ಇಡಿ. 1964, 65ರಲ್ಲಿ ಅವರು ಅರ್ಜೆಂಟೀನಾದ ಸಾಂತಾ ಫೇ ಊರಿನ ಜೆಸ್ವಿಟ್ ಶಾಲೆಯಲ್ಲಿ ಸಾಹಿತ್ಯ ಪಾಠ ಮಾಡ್ತಿದ್ರಂತೆ, ಸಿಲಬಸ್ಸಲ್ಲಿ ಎಲ್ ಸಿದ್ ಅನ್ನೋ ಹಳೇ ಕಾವ್ಯ, ಹುಡುಗರಿಗೆ ಹೊಸ ಕಾಲದ ಕವಿ ಗಾರ್ಸಿಯಾ ಲೋರ್ಕಾ ಬೇಕು. ಕಾವ್ಯ ಮನೇಲಿ ಓದ್ಕೊಳ್ಳಿ, ಕ್ಲಾಸಲ್ಲಿ ನಿಮಗೆ ಇಷ್ಟವಾದೋರ ಬಗ್ಗೆ ಮಾತಾಡೋಣ ಅಂದ್ರಂತೆ. ಕರ್ತವ್ಯ ಅಂತ ಓದಿಸೋದ್ರಿಂದ ಪ್ರಯೋಜನ ಇಲ್ಲ ಅನ್ನೋದನ್ನ ಆ ಪತ್ರದಲ್ಲಿ ನೇರವಾಗೇ ಹೇಳಿದಾರೆ. ಅದನ್ನ ಓದಿದ ಮೇಲೆ ನಾವು ವರ್ಷದಲ್ಲಿ ಎರಡು ತಿಂಗಳು ಸದಸ್ಯರಿಗೇ ಬಿಟ್ಟಿದೀವಿ, ಅವರು ಹೇಳಿದ್ದೇ ಪುಸ್ತಕ, ನಾನು ಬೇಡ ಅನ್ನೋ ಹಾಗಿಲ್ಲ.

ಹಾಗೆ ಒಬ್ಬ ಸದಸ್ಯರು ಆರಿಸಿರೋದು ಸಿಗ್ರಿಡ್ ಉಂಡ್‌ಸೆಟ್ ಅವರ "ಕ್ರಿಸ್ಟಿನ್ ಲಾವ್ರಾನ್ಸ್‌ದಾತರ್", ಮಧ್ಯಯುಗದ ನಾರ್ವೆಯ ಒಬ್ಬ ಹೆಂಗಸಿನ ಇಡೀ ಬದುಕು, 1920ರಿಂದ 22ರವರೆಗೆ ಮೂರು ಸಂಪುಟದಲ್ಲಿ ಬಂದಿದ್ದು, ಸೇರಿಸಿದ್ರೆ ಸಾವಿರ ಪುಟ ದಾಟುತ್ತೆ. ಲೇಖಕಿ ಕಥೋಲಿಕರಾಗಿದ್ದು ಅದಾದ್ಮೇಲೆ, 1924ರಲ್ಲಿ, ನೊಬೆಲ್ 1928ರಲ್ಲಿ. ಟೀನಾ ನನ್ನಲಿ ಅನುವಾದವೇ ತಗೊಳ್ಳಿ ಅಂತ ಎಲ್ಲರಿಗೂ ಹೇಳಿದೀನಿ, ಹಳೇ ಅನುವಾದದ ಇಂಗ್ಲಿಷ್ ಬೇಕಂತಲೇ ಹಳೇ ಕಾಲದ್ದು ಮಾಡಿರೋದು. ಮೊದಲ ಸಂಪುಟ ಮುಗೀತು, ಅಪ್ಪ ಮಗಳ ಜಗಳದಲ್ಲಿ ಯಾರು ಸರಿ ಅಂತ ನಮ್ಮ ಗುಂಪು ಇನ್ನೂ ಎರಡು ಪಾಲಾಗಿದೆ, ಇದುವರೆಗೆ ನಾಲ್ಕೂವರೆ ಸ್ಟಾರ್. ಎರಡನೇ ಸಂಪುಟ ಮೊದಲನೇದಕ್ಕಿಂತ ದಪ್ಪ, ರಾಜಕೀಯ ಜಾಸ್ತಿ, ಅದಕ್ಕೆ ಎರಡು ತಿಂಗಳು ಇಟ್ಟಿದೀನಿ.